ಸಂಚಾರಿಗೆ ಮಳೆಗಾಲದ ನೆಲೆ

ಸಂಚಾರವನ್ನೇ ಜೀವನಕ್ರಮವನ್ನಾಗಿ ಮಾಡಿಕೊಂಡವನು ವರ್ಷದ ಹನ್ನೆರಡು ತಿಂಗಳೂ ನಡೆಯುತ್ತಲೇ ಇರಬೇಕೆ, ಅಥವಾ ಋತುವಿನ ಮಾತಿಗೆ ತಲೆಬಾಗಿ ಕೆಲಕಾಲ ಒಂದೆಡೆ ನಿಲ್ಲಬೇಕೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ಅನುಕೂಲದ ಪ್ರಶ್ನೆಯಂತೆ ತೋರುವುದು. ಮಳೆ ಬಂದರೆ ನಿಲ್ಲುವುದು, ಬಿಟ್ಟರೆ ಹೊರಡುವುದು. ಇದರಲ್ಲಿ ವಿಚಾರ ಮಾಡತಕ್ಕದ್ದೇನುಂಟು ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ದೇಶದ ಧರ್ಮಗ್ರಂಥಗಳು ಈ ಪ್ರಶ್ನೆಯನ್ನು ಅಷ್ಟು ಸಣ್ಣದೆಂದು ಎಣಿಸಲಿಲ್ಲ. ಬೌದ್ಧರೂ ಜೈನರೂ ವೈದಿಕ ಸಂನ್ಯಾಸಿಗಳೂ ಎಷ್ಟೋ ವಿಷಯಗಳಲ್ಲಿ ಪರಸ್ಪರ ವಾದಿಸಿದರೂ, ಮಳೆಗಾಲದಲ್ಲಿ ಸಂಚಾರಿಯು ನಿಲ್ಲತಕ್ಕದ್ದೆಂಬ ಈ ಒಂದು ವಿಷಯದಲ್ಲಿ ಏಕವಾಕ್ಯತೆಯನ್ನು ಹೊಂದಿದರು. ಮೂರು ಮತಗಳೂ ಒಪ್ಪಿದ ನಿಯಮದ ಹಿಂದೆ ಬರಿಯ ಕೊಡೆಯ ಅಭಾವವಲ್ಲದೆ ಬೇರೊಂದು ಕಾರಣವು ಇರಲೇಬೇಕು.

ಈ ವಿಚಾರಕ್ಕೆ ಬೆಳಗಾವಿಯ ಸೀಮೆಗಿಂತ ತಕ್ಕ ಸ್ಥಳವು ದೊರೆಯಲಾರದು. ಪಟ್ಟಣದ ಮಗ್ಗುಲಲ್ಲಿರುವ ಹಿಂಡಲಗಾ ಗ್ರಾಮವನ್ನು ಹಾಯ್ದು ಹೋಗುವ ವೆಂಗುರ್ಲೆಯ ದಾರಿಯು ಚಂದಗಡದ ಸೀಮೆಯ ಮೂಲಕ ಅಂಬೋಲಿಯ ಘಟ್ಟವನ್ನು ಇಳಿದು ಸಮುದ್ರವನ್ನು ಸೇರುವುದು. ಪಶ್ಚಿಮಕ್ಕೆ ಹೋದಂತೆ ಮಳೆಯು ಹೆಚ್ಚುತ್ತ, ಅಂಬೋಲಿಯಲ್ಲಿ ಅದು ಮಳೆಯಾಗಿರದೆ ಆಕಾಶವೇ ಕರಗಿದಂತಾಗುವುದು. ಪೂರ್ವಕ್ಕೆ ತಿರುಗಿದರೆ ಒಂದೆರಡು ದಿನದ ಕಾಲುನಡಿಗೆಯಲ್ಲಿಯೇ ಸವದತ್ತಿ ರಾಮದುರ್ಗಗಳ ಒಣ ಬಯಲು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಘಟ್ಟದ ಮಳೆಯನ್ನು ಹೊತ್ತುಕೊಂಡು ಆ ಬಯಲಿಗೆ ಹೋಗಿ, ಮೋಡವು ಕೊಡದ ನೀರನ್ನು ತಾನು ಕೊಡುವಳು. ಮಲೆನಾಡು ಬಯಲುಸೀಮೆಗಳು ಒಂದಕ್ಕೊಂದು ಇಷ್ಟು ಸಮೀಪವಾಗಿರುವ ಈ ಪ್ರಾಂತದಲ್ಲಿ ಸಂಚಾರಿಯು ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕೆಂಬುದು ಪುಸ್ತಕದ ಪ್ರಶ್ನೆಯಲ್ಲ. ಕಾಲ ಕೆಳಗಿನ ನೆಲವೇ ಕೇಳುವ ಪ್ರಶ್ನೆ.

ಕುರಿಗಾರರು ಇದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡಿರುವರು. ದಖ್ಖನದ ಕುರಿಯು ಉಣ್ಣೆಯ ಪ್ರಾಣಿ. ಬಿಸಿಲನ್ನೂ ಬರವನ್ನೂ ತಾಳುವುದೇ ಹೊರತು ತಿಂಗಳುಗಟ್ಟಲೆ ನೆನೆಯುವುದನ್ನು ತಾಳದು. ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುವುದು. ಆದುದರಿಂದ ಮುಂಗಾರಿನಲ್ಲಿ ಮಂದೆಯು ಒಣ ನಾಡಿನಲ್ಲಿದ್ದು, ಸುಗ್ಗಿಯ ಹಂಗಾಮಿನಲ್ಲಿ ಕೊಯ್ದ ಹೊಲಗಳನ್ನು ಅರಸುತ್ತ ಹೊರಡುವುದು ಅವರ ಹಳೆಯ ಕ್ರಮ. ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಮೇವು, ಇಬ್ಬರಿಗೂ ಲಾಭ. ಹಿಂದಿನ ಲಂಬಾಣಿಗಳ ಪದ್ಧತಿಯೂ ಇಂಥದೇ. ನೂರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ಸಂಚರಿಸುತ್ತಿದ್ದ ಆ ತಾಂಡಾಗಳು ಮಳೆಗಾಲ ಬಂದೊಡನೆ ಹುಲ್ಲುಳ್ಳ ಎತ್ತರದ ನೆಲದಲ್ಲಿ ಬೀಡುಬಿಟ್ಟು ಎತ್ತುಗಳಿಗೆ ವಿಶ್ರಾಂತಿಯನ್ನು ಕೊಡುತ್ತಿದ್ದವು. ರೈಲುಗಾಡಿ ಬಂದ ಮೇಲೆ ಆ ವ್ಯಾಪಾರವು ಅಳಿಯಿತು. ಆದರೆ ಅದರಲ್ಲಿದ್ದ ವಿವೇಕವನ್ನು ಮಾತ್ರ ಗಮನಿಸಬೇಕು. ಅಲ್ಲಿ ನಿಲುಗಡೆಯನ್ನು ನಿರ್ಣಯಿಸುತ್ತಿದ್ದವನು ಹೇರಿನ ಒಡೆಯನಲ್ಲ, ಹೇರನ್ನು ಹೊತ್ತ ಎತ್ತು. ನಡೆಯುವವರಲ್ಲಿ ಎಲ್ಲರಿಗಿಂತಲೂ ದುರ್ಬಲನಾದವನ ಕಾಲು ಎಷ್ಟು ನಡೆಯಬಲ್ಲದೋ ಅಷ್ಟೇ ತಾಂಡಾದ ಸಂಚಾರ.

ಇನ್ನು ಸಂನ್ಯಾಸಿಗಳ ಮಾತು. ಬೌದ್ಧರ ವಿನಯಪಿಟಕದಲ್ಲಿ ಈ ನಿಯಮವು ಹುಟ್ಟಿದ ಕತೆಯೇ ಉಂಟು. ಆರಂಭದಲ್ಲಿ ಭಿಕ್ಷುಗಳು ಛಳಿಗಾಲ ಬೇಸಗೆ ಮಳೆಗಾಲಗಳೆಂಬ ಭೇದವಿಲ್ಲದೆ ಸಂಚರಿಸುತ್ತಿದ್ದರು. ರಾಜಗೃಹದ ಜನರು ಅದನ್ನು ಕಂಡು ಆಕ್ಷೇಪಿಸಿದರು: ಇವರು ಹಸುರು ಹುಲ್ಲನ್ನು ತುಳಿದು, ಸಣ್ಣ ಸಣ್ಣ ಜೀವಿಗಳನ್ನು ಕೊಂದು ತಿರುಗುವರಲ್ಲ, ಅನ್ಯಮತದ ತಪಸ್ವಿಗಳೂ ಮಳೆಗಾಲದಲ್ಲಿ ಒಂದೆಡೆ ಇರುವರು, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿಕೊಂಡು ಮಳೆಗಾಲವನ್ನು ಕಳೆಯುವುವು. ಈ ಮಾತು ಬುದ್ಧನ ಕಿವಿಗೆ ಮುಟ್ಟಿದಾಗ ಅವನು ವರ್ಷಾವಾಸವನ್ನು ವಿಧಿಸಿದನು. ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ನಿಯಮವು ಮೇಲಿನಿಂದ ಇಳಿದು ಬರಲಿಲ್ಲ. ಬೆಳೆಯ ನಡುವೆ ಬಾಳುವ ಸಾಮಾನ್ಯ ಜನರ ದೂರಿನಿಂದ ಹುಟ್ಟಿತು. ಎರಡನೆಯದು, ನಿಲ್ಲುವುದಕ್ಕೆ ಕೊಟ್ಟ ಕಾರಣವು ಭಿಕ್ಷುವಿನ ಸುಖವಲ್ಲ, ತುಳಿಯಲ್ಪಡುವ ಜೀವಿಯ ಪ್ರಾಣ.

ಜೈನರಲ್ಲಿ ಈ ವ್ರತವು ಇನ್ನೂ ಕಠಿಣವಾದುದು. ಮಹಾವೀರನು ಉಳಿದ ಎಂಟು ತಿಂಗಳು ಗ್ರಾಮದಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿಗಿಂತ ಹೆಚ್ಚು ತಂಗಲಿಲ್ಲವೆಂದು ಕಲ್ಪಸೂತ್ರವು ಹೇಳುವುದು. ಆದರೆ ಅದೇ ಗ್ರಂಥವು ಅವನು ಕಳೆದ 42 ಮಳೆಗಾಲಗಳನ್ನು ಊರೂರಿನ ಹೆಸರು ಹಿಡಿದು ಲೆಕ್ಕವಿಟ್ಟಿದೆ: ರಾಜಗೃಹ ನಾಲಂದಗಳಲ್ಲಿ 14, ವೈಶಾಲಿ ವಾಣಿಜ್ಯಗ್ರಾಮಗಳಲ್ಲಿ 12, ಮಿಥಿಲೆಯಲ್ಲಿ 6, ಹೀಗೆ. ನಡೆದ ದಾರಿಗೆ ಲೆಕ್ಕವಿಲ್ಲ, ನಿಂತ ಕಾಲಕ್ಕೆ ಲೆಕ್ಕವುಂಟು. ಇದು ವಿಚಾರಾರ್ಹವಾದ ಸಂಗತಿ. ಆ ಪರಂಪರೆಯು ಈ ನಾಡಿನ ನೆಲದಲ್ಲಿಯೂ ಬೇರೂರಿತ್ತೆಂಬುದಕ್ಕೆ ಖಾನಾಪುರ ತಾಲೂಕಿನ ಹಲಸಿಯೇ ಸಾಕ್ಷಿ. ಕದಂಬರ ಕಾಲದ ಪಲಾಶಿಕೆಯೇ ಇಂದಿನ ಹಲಸಿ. ಅಲ್ಲಿ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿದನು. ಅವನ ಮಗನಾದ ರವಿವರ್ಮನ ತಾಮ್ರಶಾಸನವು, ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಉತ್ಸವವು ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಅನ್ನವು ನಡೆಯಬೇಕೆಂದೂ ವಿಧಿಸುವುದು. ಕದಂಬರೂ ಹೋದರು, ಯಾಪನೀಯ ಸಂಘವೂ ಹೋಯಿತು. ತಗಡಿನ ಮೇಲೆ ಕೊರೆದ ಆ ನಾಲ್ಕು ತಿಂಗಳ ಅನ್ನದ ಮಾತು ಮಾತ್ರ ಉಳಿಯಿತು.

ಇಷ್ಟಾದರೂ ನಿಲ್ಲಬಾರದೆಂಬ ಪಕ್ಷಕ್ಕೂ ಬಲವಾದ ಯುಕ್ತಿಗಳಿಲ್ಲದಿಲ್ಲ. ನಿಂತಲ್ಲಿ ಮಮತೆ ಹುಟ್ಟುವುದು. ಮಮತೆಯಿಂದ ಸ್ವತ್ತು, ಸ್ವತ್ತಿನಿಂದ ವ್ಯಾಜ್ಯ. ಮೊದಲ ವರ್ಷ ಮರದ ಕೆಳಗೆ ನಿಂತವನಿಗೆ ಎರಡನೆಯ ವರ್ಷ ಭಕ್ತರು ಚಪ್ಪರ ಹಾಕುವರು, ಹತ್ತನೆಯ ವರ್ಷ ಗೋಡೆಯನ್ನೆಬ್ಬಿಸುವರು. ಆ ಮೇಲೆ ಗೋಡೆಯನ್ನು ಕಾಯುವುದಕ್ಕಾಗಿ ಅವನು ಉಳಿದ ಎಂಟು ತಿಂಗಳೂ ಅಲ್ಲಿಯೇ ಇರಬೇಕಾಗುವುದು. ಬೌದ್ಧರ ವಿಹಾರಗಳು ಬಹುಮಟ್ಟಿಗೆ ವರ್ಷಾವಾಸದಿಂದಲೇ ಬೆಳೆದುವು. ಬೆಳಗಾವಿಯ ಕೋಟೆಯಲ್ಲಿರುವ, 1204ರಲ್ಲಿ ರಟ್ಟರ ಕಾರ್ತವೀರ್ಯನ ಕಾಲದಲ್ಲಿ ಅವನ ಮಂತ್ರಿ ಕಟ್ಟಿಸಿದ ಕಮಲ ಬಸದಿಯು ಶಿಲ್ಪದಲ್ಲಿ ಎಷ್ಟು ಸುಂದರವೋ, ಆ ಬಗೆಯ ಕಟ್ಟಡಗಳಿಗೆ ಭೂಮಿಯ ದತ್ತಿಗಳು ಎಷ್ಟು ಅವಶ್ಯಕವಾಗಿದ್ದುವೆಂಬುದಕ್ಕೂ ಅಷ್ಟೇ ನಿದರ್ಶನ. ಒಂದು ರಾತ್ರಿಗಿಂತ ಹೆಚ್ಚು ತಂಗಬಾರದೆಂದು ಹೊರಟವರ ಪರಂಪರೆಯು ಹೊಲಗದ್ದೆಗಳ ಎಲ್ಲೆಕಟ್ಟನ್ನು ಶಿಲೆಯಲ್ಲಿ ಬರೆಯಿಸಿಕೊಳ್ಳುವ ಸ್ಥಿತಿಗೆ ಬಂದುದು ನಿಲುಗಡೆಯ ಬಾಗಿಲಿನಿಂದಲ್ಲವೆ? ಕನ್ನಡನಾಡಿನ ಶರಣರು ಸ್ಥಾವರ ಜಂಗಮಗಳೆಂಬ ಎರಡು ಪದಗಳನ್ನಿಟ್ಟುಕೊಂಡು ಜಂಗಮದ ಕಡೆಗೆ ತೂಕವನ್ನು ಹಾಕಿದುದರಲ್ಲಿ ಈ ಭಯವೂ ಅಡಗಿತ್ತೆನ್ನಬಹುದು.

ಎರಡನೆಯ ಯುಕ್ತಿಯು ಇದಕ್ಕಿಂತಲೂ ಪ್ರಬಲವಾದುದು. ದುಃಖಕ್ಕೆ ಋತುವಿಲ್ಲ. ಮಳೆಗಾಲದಲ್ಲಿಯೇ ಬಡವನ ಗೋಡೆ ಕುಸಿಯುವುದು, ಮಳೆಗಾಲದಲ್ಲಿಯೇ ರೋಗಗಳು ಹಬ್ಬುವುದು, ಮಳೆಗಾಲದಲ್ಲಿಯೇ ಹಗೆಯಲ್ಲಿನ ಕಾಳು ತೀರುವುದು. ಇತರರ ಸೇವೆಗಾಗಿ ಹೊರಟ ಸಂಚಾರಿಯು ಅವರಿಗೆ ಅತ್ಯಂತ ಕಷ್ಟದ ಕಾಲದಲ್ಲಿ ವ್ರತದ ಹೆಸರಿನಿಂದ ಬಾಗಿಲು ಹಾಕಿಕೊಂಡು ಕುಳಿತರೆ ಅದು ಧರ್ಮವೆನಿಸುವುದೆ? ಈ ವಿಷಯದಲ್ಲಿ ವಿನೋಬಾ ಭಾವೆಯವರ ಚರಿತ್ರವು ಎರಡು ಪಕ್ಷಗಳನ್ನೂ ಒಬ್ಬರಲ್ಲಿಯೇ ತೋರಿಸುವುದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನವು ಆರಂಭವಾಯಿತು. ಅವರು ಆ ವರ್ಷದ ಮಳೆಗಾಲವನ್ನು ಪವನಾರದ ಆಶ್ರಮದಲ್ಲಿ ಕಳೆದು, ಸೆಪ್ಟೆಂಬರಿನಲ್ಲಿ ದಿಲ್ಲಿಯ ಕಡೆಗೆ ನಡೆದರು. ಆದರೆ 1955ರ ಮಳೆಗಾಲದಲ್ಲಿ ಅವರು ಒರಿಸ್ಸಾದ ಕೋರಾಪುಟದ ಗುಡ್ಡಗಾಡಿನಲ್ಲಿದ್ದರು. ಅಲ್ಲಿಯ ಆದಿವಾಸಿಗಳ ಗ್ರಾಮಗಳು ಒಂದರ ಹಿಂದೊಂದರಂತೆ ಗ್ರಾಮದಾನಕ್ಕೆ ಮುಂದೆ ಬರುತ್ತಿದ್ದಾಗ ಮಳೆಯನ್ನು ಲೆಕ್ಕಿಸದೆ ನಡೆದರು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹತ್ತಿರದ ಎಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿನ ಕಾಲಕ್ಕೂ ಅವರು ಪಾದಯಾತ್ರಿಯೇ. ಕೊನೆಗೆ 1970ರ ಅಕ್ಟೋಬರದಲ್ಲಿ ಪವನಾರದಲ್ಲಿ ಕ್ಷೇತ್ರಸಂನ್ಯಾಸವನ್ನು ಕೈಕೊಂಡು, ಇನ್ನು ಈ ಸ್ಥಳವನ್ನು ಬಿಡಲಾರೆನೆಂದು ನಿಂತುಬಿಟ್ಟರು. ಒಂದು ಮಳೆಗಾಲ ನಿಂತವರು ಮತ್ತೊಂದು ಮಳೆಗಾಲ ನಡೆದುದನ್ನು ವ್ರತಭಂಗವೆನ್ನಲಾಗದು. ಎರಡು ಸಲವೂ ಕಾರಣವು ತಮ್ಮ ಹೊರಗಿತ್ತು.

ಹಾಗಾದರೆ ನಿಲ್ಲುವುದರಿಂದ ಬರುವ ಲಾಭವು ಕೇವಲ ಹಿಂಸೆಯಿಂದ ತಪ್ಪಿಸಿಕೊಳ್ಳುವುದೊಂದೆಯೆ? ಅಲ್ಲ. ತೆಂಕನಾಡಿನ ಯಕ್ಷಗಾನ ಮೇಳಗಳನ್ನು ನೋಡಿದರೆ ಇನ್ನೊಂದು ಲಾಭವು ಕಾಣುವುದು. ದೀಪಾವಳಿಯ ಆಚೆ ಹೊರಟ ಮೇಳವು ಪತ್ತನಾಜೆಯ ದಿನ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಗೆಜ್ಜೆಯನ್ನು ಬಿಚ್ಚುವುದು. ಆ ಮೇಲೆ ಮಳೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಮಳೆಗಾಲದ ಆ ಬಿಡುವಿನಲ್ಲಿ ಕಲಾವಿದರು ಒಂದೆಡೆ ಕುಳಿತು ಬರಿಯ ಮಾತಿನಿಂದಲೇ ಪ್ರಸಂಗವನ್ನು ನಡೆಯಿಸುವುದು ತಾಳಮದ್ದಳೆ. ಕಾಲು ನಿಂತುದರಿಂದ ಮಾತು ಬೆಳೆಯಿತು. ಕರ್ಣನ ಕೃಷ್ಣನ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸುವ ಆ ಕಲೆಯು ಮಳೆಗಾಲದ ನಿಲುಗಡೆಗೆ ಬಹಳ ಋಣಿಯಾಗಿದೆ. ಸಂನ್ಯಾಸಿಗಳ ಚಾತುರ್ಮಾಸ್ಯವೂ ಆಷಾಢದ ಹುಣ್ಣಿಮೆಯ ವ್ಯಾಸಪೂಜೆಯಿಂದ ಮೊದಲಾಗಿ ಪಾಠಪ್ರವಚನಗಳ ಕಾಲವಾಗಿರುವುದು ಆಕಸ್ಮಿಕವಲ್ಲ. ಕಂಡುದನ್ನು ಅರಗಿಸಿಕೊಳ್ಳದೆ ಇನ್ನಷ್ಟನ್ನು ಕಾಣುತ್ತ ಹೋಗುವವನ ಸ್ಥಿತಿಯು ಜೀರ್ಣವಾಗುವ ಮೊದಲೇ ಉಣ್ಣುವವನ ಸ್ಥಿತಿಗಿಂತ ಉತ್ತಮವಾದುದಲ್ಲ.

ಆದರೆ ಇಲ್ಲಿ ಇನ್ನೊಂದು ಕಠಿಣವಾದ ಮಾತನ್ನು ಹೇಳಲೇಬೇಕಾಗಿದೆ. ನಿಲ್ಲುವುದಕ್ಕೆ ಅನ್ನ ಬೇಕು. ಹಲಸಿಯ ತಪಸ್ವಿಗಳಿಗೆ ಗ್ರಾಮವೊಂದರ ಉತ್ಪನ್ನವಿತ್ತು. ಆ ಗ್ರಾಮದ ಒಕ್ಕಲಿಗನು ಅದೇ ಮಳೆಯಲ್ಲಿ ನೆನೆದು ನಟ್ಟಿ ಹಾಕಿದುದರಿಂದ ಅವರ ವ್ರತವು ಸಾಂಗವಾಯಿತು. ಯಾವನ ಕಾಲು ಕೆಸರಿನಲ್ಲಿತ್ತೋ ಅವನ ದುಡಿಮೆಯಿಂದ ಇನ್ನೊಬ್ಬನ ಕಾಲು ಕೆಸರಿಗಿಳಿಯದೆ ಉಳಿಯಿತು. ಮೇಳದ ಎಲ್ಲ ಕಲಾವಿದರಿಗೂ ತಾಳಮದ್ದಳೆಯ ಪೀಠವು ದೊರೆಯುವುದಿಲ್ಲ. ಅನೇಕರು ಚಿಕ್ಕಮೇಳವನ್ನು ಕಟ್ಟಿಕೊಂಡು, ಒಂದು ಸ್ತ್ರೀವೇಷ, ಒಂದು ಪುರುಷವೇಷ, ಹಿಮ್ಮೇಳದ ಇಬ್ಬರು ಮೂವರೊಡನೆ ಮಳೆಯಲ್ಲಿಯೇ ಮನೆಮನೆಗೆ ಹೋಗುವರು. ಇವರು ವರ್ಷವೆಲ್ಲ ಸಂಚಾರಿಗಳು. ತತ್ತ್ವಕ್ಕಾಗಿ ಅಲ್ಲ, ಹೊಟ್ಟೆಗಾಗಿ. ಇವರನ್ನು ಕಂಡು ನಿಲ್ಲಬಾರದಿತ್ತೆ ಎಂದು ಉಪದೇಶಿಸುವವನು ಮೊದಲು ನಾಲ್ಕು ತಿಂಗಳ ಅಕ್ಕಿಯನ್ನು ಅಳೆದು ಕೊಡಬೇಕು.

ಇದಕ್ಕೆ ವಿರುದ್ಧವಾದ ಅನ್ಯಾಯವೊಂದೂ ಉಂಟು. ಅದೆಂದರೆ ನಡೆಯಬೇಕೆನ್ನುವವನನ್ನು ಬಲವಂತವಾಗಿ ನಿಲ್ಲಿಸುವುದು. ಬ್ರಿಟಿಷ್ ಸರಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂಬುದನ್ನು ಮಾಡಿ, 1911ರಲ್ಲಿ ಅದನ್ನು ವಿಸ್ತರಿಸಿ, ಅಲೆದಾಟವೇ ಅಪರಾಧದ ಗುರುತೆಂಬಂತೆ ಭಾವಿಸಿತು. ಕೊರವ, ಹರಣಶಿಕಾರಿ ಮೊದಲಾದ ಜನಗಳನ್ನು ಹುಬ್ಬಳ್ಳಿ ಗದಗುಗಳಲ್ಲಿ ಸೆಟ್ಲಮೆಂಟುಗಳೆಂಬ ವಸತಿಗಳಲ್ಲಿ ಇರಿಸಿ, ಹಾಜರಿ ತೆಗೆದುಕೊಂಡು, ಅಪ್ಪಣೆಯಿಲ್ಲದೆ ಹೊರಗೆ ಹೋಗಗೊಡದೆ ಕಾಯಿತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಕಾವಿಯನ್ನುಟ್ಟವನು ಊರೂರು ತಿರುಗಿದರೆ ಪರಿವ್ರಾಜಕನೆಂದು ಪಾದಪೂಜೆ. ಹರಕು ಕಂಬಳಿಯವನು ತಿರುಗಿದರೆ ಕಳ್ಳನೆಂದು ಠಾಣೆಗೆ ವರದಿ. ಹಿಂಡಲಗಾದ ಹೆಸರನ್ನು ಕೇಳಿದೊಡನೆ ದೂರದ ಊರಿನವರಿಗೆ ನೆನಪಾಗುವುದು ಅಲ್ಲಿಯ ಕೇಂದ್ರ ಕಾರಾಗೃಹ. ಆ ಗೋಡೆಯ ಒಳಗೂ ಮನುಷ್ಯರು ಮಳೆಗಾಲವನ್ನು ಒಂದೇ ಸ್ಥಳದಲ್ಲಿ ಕಳೆಯುವರು. ಹೊರಗೆ ಯಾವುದೋ ಬಸದಿಯಲ್ಲಿ ಮುನಿಯೂ ಹಾಗೆಯೇ ಕಳೆಯುವನು. ಇಬ್ಬರ ಕಾಲಿಗೂ ಎಲ್ಲೆಯುಂಟು, ಇಬ್ಬರ ಊಟಕ್ಕೂ ನಿಯಮವುಂಟು. ಆದರೂ ಒಂದು ಬಂಧನ, ಇನ್ನೊಂದು ವ್ರತ. ಭೇದವು ಗೋಡೆಯಲ್ಲಿಲ್ಲ, ಎಲ್ಲೆಯನ್ನು ಎಳೆದ ಕೈ ಯಾರದೆಂಬುದರಲ್ಲಿದೆ. ಆದುದರಿಂದ ನಿಲುಗಡೆಯನ್ನು ಎಷ್ಟು ಹೊಗಳಿದರೂ, ಅದನ್ನು ಇನ್ನೊಬ್ಬನ ಮೇಲೆ ಹೇರಿದ ಕ್ಷಣದಲ್ಲಿ ಅದರ ಪುಣ್ಯವೆಲ್ಲ ನಷ್ಟವಾಗುವುದು.

ಕಾಲವು ಬದಲಾಗಿದೆ, ಈಗ ಈ ಚರ್ಚೆಯ ಅವಶ್ಯಕತೆಯೇನು ಎನ್ನುವವರೂ ಇರುವರು. ಹೊಳೆಗಳಿಗೆ ಸೇತುವೆಗಳಾದುವು, ಘಟ್ಟಗಳಿಗೆ ಡಾಂಬರಿನ ರಸ್ತೆಗಳಾದುವು. ವಾಹನದಲ್ಲಿಯೇ ಹಾಸಿಗೆ ಒಲೆಗಳನ್ನಿಟ್ಟುಕೊಂಡು ಹನ್ನೆರಡು ತಿಂಗಳೂ ದೇಶ ಸುತ್ತುವವರುಂಟು. ಮಳೆಯು ಗಾಜಿನ ಹೊರಗೆ, ಮನುಷ್ಯನು ಒಳಗೆ. ಇದಕ್ಕೆ ಉತ್ತರವಿಷ್ಟೆ: ನಿಯಮದ ಕಾರಣವು ನಡೆಯುವವನ ಕಷ್ಟವಾಗಿದ್ದರೆ, ಕಷ್ಟವು ಹೋದಂತೆ ನಿಯಮವೂ ಹೋಗಬೇಕಾಗಿತ್ತು. ಆದರೆ ರಾಜಗೃಹದ ಜನರು ಭಿಕ್ಷುಗಳ ಕಾಲು ನೋಯುವುದೆಂದು ದೂರಿರಲಿಲ್ಲ. ಹುಲ್ಲು ಹುಳುಗಳು ನೋಯುವುವೆಂದು ದೂರಿದ್ದರು. ಆ ಕಾರಣವು ರಸ್ತೆಯಿಂದ ಹೋಗಲಿಲ್ಲ, ಹೆಚ್ಚಿತು. ಖಾನಾಪುರದ ಕಾಡಿನಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆಗಳು ನೀರನ್ನರಸಿ ರಸ್ತೆಯನ್ನು ದಾಟುವುವು. ಬರಿಗಾಲಿನ ಯತಿಯು ನೋಡಿ ಹೆಜ್ಜೆಯಿಡಬಲ್ಲನು, ಗಾಲಿಗೆ ಕಣ್ಣಿಲ್ಲ. ಇದೇ ಮಾತನ್ನು ನಿಂತವರ ಪರಿವಾರಕ್ಕೂ ಹೇಳಬೇಕಾಗುವುದು. ಮುನಿಯು ಜೀವಹಿಂಸೆಗೆ ಅಂಜಿ ಒಂದೆಡೆ ನಿಂತಿರಲು, ಅವನ ದರ್ಶನಕ್ಕಾಗಿ ನೂರಾರು ಮೋಟಾರುಗಳು ಮಳೆಯಲ್ಲಿ ಓಡಿ ಬಂದರೆ, ರಾತ್ರಿಯ ದೀಪಮಾಲೆಗೆ ಮಳೆಹುಳುಗಳು ಮುತ್ತಿ ಸತ್ತರೆ, ನಿಂತವನ ವ್ರತವನ್ನು ನೋಡಬಂದವರೇ ಮುರಿದಂತಾಗುವುದು. ವ್ರತವನ್ನು ಗೌರವಿಸುವುದೆಂದರೆ ಅದರ ಕಾರಣವನ್ನು ಗೌರವಿಸುವುದು.

ಬೆಳಗಾವಿ ಜಿಲ್ಲೆಯ ಭೋಜದಲ್ಲಿ ಬಾಳಿ, ದಿಗಂಬರ ದೀಕ್ಷೆಯನ್ನು ಪಡೆದು, ಉತ್ತರದೇಶದವರೆಗೆ ಕಾಲ್ನಡಿಗೆಯಿಂದ ವಿಹರಿಸಿದ ಆಚಾರ್ಯ ಶಾಂತಿಸಾಗರರ ಜೀವನದಲ್ಲಿ ನಡಿಗೆ ನಿಲುಗಡೆಗಳೆರಡೂ ಒಂದೇ ಸಾಧನೆಯ ಎರಡು ಮುಖಗಳಾಗಿದ್ದುವು. ವರ್ಷದಲ್ಲಿ ಎಂಟು ತಿಂಗಳು ನಡೆದು ನಾಲ್ಕು ತಿಂಗಳು ನಿಲ್ಲುತ್ತಿದ್ದ ಅವರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟುದೂ ಒಂದು ಮಳೆಗಾಲದಲ್ಲಿಯೇ. ಅಂಥವರ ವಿಷಯದಲ್ಲಿ ಇವರು ಸಂಚಾರಿಗಳೋ ಸ್ಥಿರವಾಸಿಗಳೋ ಎಂದು ಕೇಳುವುದು, ಉಸಿರಾಡುವವನನ್ನು ನೀನು ಒಳಗೆಳೆಯುವವನೋ ಹೊರಬಿಡುವವನೋ ಎಂದು ಕೇಳಿದಂತೆ.

ಆದರೂ ಪ್ರಶ್ನೆಯನ್ನು ಹಾರಿಸಿಬಿಡಬಾರದು, ನಿರ್ಣಯವೊಂದು ಬೇಕು. ಮೇಲಿನ ವಿಚಾರದಿಂದ ಅದು ಹೀಗೆ ಫಲಿಸುವುದು. ನಿಲ್ಲುವುದು ಸಾಮಾನ್ಯ ನಿಯಮ; ನಡೆಯುವುದು ಅಪವಾದ. ಮಳೆಗಾಲವು ನೆಲದ ಪ್ರಸವಕಾಲ. ಬೀಜ ಮೊಳೆಯುವಾಗ, ಹುಳು ಮೊಟ್ಟೆಯಿಡುವಾಗ, ರೈತನ ಮನೆಯಲ್ಲಿ ಕಾಳೂ ಬಿಡುವೂ ಇಲ್ಲದಿರುವಾಗ ಅತಿಥಿಯಾಗಿ ಬಾಗಿಲಿಗೆ ಹೋಗದಿರುವುದೇ ಸೌಜನ್ಯ. ಈ ನಿಯಮವನ್ನು ಮುರಿಯುವ ಅಧಿಕಾರವು ಇತರರ ಕಷ್ಟಕ್ಕೆ ಮಾತ್ರ ಉಂಟು, ತನ್ನ ಬೇಸರಕ್ಕೆ ಇಲ್ಲ. ವಿನಯಪಿಟಕವು ಇದಕ್ಕೂ ಮಾರ್ಗವನ್ನು ತೋರಿಸಿದೆ: ತಂದೆತಾಯಿಗಳಿಗೆ ರೋಗವಾದರೆ, ಜೊತೆಯ ಭಿಕ್ಷುವಿಗೆ ಅಸ್ವಸ್ಥವಾದರೆ, ಏಳು ದಿನಗಳ ಮಟ್ಟಿಗೆ ವರ್ಷಾವಾಸವನ್ನು ಬಿಟ್ಟು ಹೋಗಿ ಬರಬಹುದು, ನೆರೆ, ಬೆಂಕಿ, ಹಾವು, ಕಳ್ಳರ ಬಾಧೆಯಾದರೆ ಸ್ಥಳವನ್ನೇ ಬಿಡಬಹುದು. ನಿಯಮವೂ ಕರುಣೆಯಿಂದ, ಅಪವಾದವೂ ಕರುಣೆಯಿಂದ. ಆದುದರಿಂದಲೇ ಎರಡರಲ್ಲಿಯೂ ವಿರೋಧವಿಲ್ಲ.

ಜೊತೆಗೆ ಎರಡು ಎಚ್ಚರಗಳು ಅವಶ್ಯಕ. ನಿಂತವನಿಗೆ ಹೊರಡುವ ದಿನವು ಮೊದಲೇ ಗೊತ್ತಿರಬೇಕು; ಕಾರ್ತಿಕವು ಬಂದ ಮೇಲೂ ಏಳದವನು ವ್ರತವನ್ನು ಮನೆಯನ್ನಾಗಿ ಮಾರ್ಪಡಿಸಿದನೆಂದೇ ತಿಳಿಯಬೇಕು. ಮತ್ತು ತಾನು ಯಾರ ಅನ್ನದಿಂದ ನಿಂತಿರುವೆನೆಂಬುದನ್ನು ಮರೆಯದೆ, ನಿಲ್ಲಲಾರದವರ ಋಣವನ್ನು ಒಪ್ಪಿಕೊಳ್ಳಬೇಕು. ಊರಿನವರ ಕರ್ತವ್ಯವೂ ಇದರಲ್ಲಿಯೇ ಅಡಗಿದೆ. ಯತಿಗೆ ನಾಲ್ಕು ತಿಂಗಳ ವಸತಿಯನ್ನು ಭಕ್ತಿಯಿಂದ ಕೊಡುವ ಊರು, ಮಳೆಗೆ ಸಿಕ್ಕಿದ ಕುರಿಗಾರನಿಗೆ ಒಂದು ರಾತ್ರಿ ಛಾವಣಿಯ ನೆರಳನ್ನು ಕೊಡಲು ಹಿಂಜರಿದರೆ, ಅದು ವ್ರತದ ಅಕ್ಷರವನ್ನು ಪೂಜಿಸಿ ಅರ್ಥವನ್ನು ಅಂಗಳಕ್ಕೆ ಚೆಲ್ಲಿದಂತಾಗುವುದು.

ಗೃಹಸ್ಥರು ಈ ವಿಚಾರವು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬೇಕಾಗಿಲ್ಲ. ಉದ್ಯೋಗದ ಹಿಂದೆ, ಹಣದ ಹಿಂದೆ, ಕೀರ್ತಿಯ ಹಿಂದೆ ಹನ್ನೆರಡು ತಿಂಗಳೂ ನಡೆಯುವವರೇ ಇಂದು ಹೆಚ್ಚು. ಅವರ ಕಾಲ ಕೆಳಗೆ ಏನು ಮೊಳೆಯುತ್ತಿತ್ತೆಂಬುದು ಅವರಿಗೆ ತಿಳಿಯದು. ಮನೆಯಲ್ಲಿ ಬೆಳೆಯುವ ಮಗುವಿಗೂ, ಮುಪ್ಪಿನ ತಂದೆತಾಯಿಗಳಿಗೂ ಒಂದೊಂದು ಮಳೆಗಾಲವುಂಟು. ಆಗ ನಿಂತವನಿಗೆ ದಾರಿಯೇನೂ ತಪ್ಪಿಹೋಗುವುದಿಲ್ಲ. ಕಾರ್ತಿಕದಲ್ಲಿ ಅದು ಒಣಗಿ ಹಾಗೆಯೇ ಇರುವುದು.